ಗೃಹಗಣಕದ ಉದಯ: ಕೇಂಬ್ರಿಜ್ ನಗರದ ಎರಡು ಯಂತ್ರಸಂತತಿಗಳ ರಚನಾವಿಚಾರ

೧

ಯಾವುದೇ ಯಂತ್ರವು ಸಂಸ್ಥೆಯ ಸೊತ್ತಾಗಿರುವವರೆಗೆ ಅದರ ರಚನೆಯಲ್ಲಿ ಪ್ರಧಾನವಾಗುವುದು ಸಾಮರ್ಥ್ಯದ ಪ್ರಶ್ನೆ. ಅದೇ ಯಂತ್ರವು ಸಾಮಾನ್ಯ ಸಂಸಾರಿಯ ಮನೆಯ ಹೊಸ್ತಿಲನ್ನು ದಾಟಬೇಕಾಗಿ ಬಂದಾಗ ಎದುರು ನಿಲ್ಲುವ ಪ್ರಶ್ನೆಯೇ ಬೇರೆ. ಏನನ್ನು ಬಿಟ್ಟರೂ ಅದು ಯಂತ್ರವಾಗಿ ಉಳಿದೀತು, ಏನನ್ನು ಬಿಡದಿದ್ದರೆ ಅದು ಮನೆಯವರೆಗೆ ಬಾರದೆ ಹೋದೀತು ಎಂಬುದೇ ಆ ಪ್ರಶ್ನೆ. ಗಡಿಯಾರ, ಹೊಲಿಗೆಯ ಯಂತ್ರ, ರೇಡಿಯೋ ಇವೆಲ್ಲವೂ ಒಂದೊಂದು ಕಾಲದಲ್ಲಿ ಇದಕ್ಕೆ ಉತ್ತರ ಹೇಳಬೇಕಾಯಿತು. ಗಣಕಯಂತ್ರದ ಪಾಲಿಗೆ ಆ ಕಾಲ ಒದಗಿದುದು ೧೯೭೭ರಿಂದ ೧೯೮೨ರವರೆಗಿನ ಐದಾರು ವರ್ಷಗಳಲ್ಲಿ.

೧೯೭೭ರಲ್ಲಿ ಅಮೆರಿಕದಲ್ಲಿ ಆಪಲ್ ೨, ಕಮೊಡೋರ್ ಪೆಟ್ ಮತ್ತು ಟಿ.ಆರ್.ಎಸ್. ೮೦ ಎಂಬ ಮೂರು ಯಂತ್ರಗಳು ಒಂದೇ ವರ್ಷದಲ್ಲಿ ಮಾರುಕಟ್ಟೆಗೆ ಬಂದವು. ಬೆಸುಗೆ ಹಾಕಲು ಬಾರದವನೂ ಪೆಟ್ಟಿಗೆಯಿಂದ ತೆಗೆದು ಬಳಸಬಹುದಾದ ಗಣಕಗಳು ಇವು. ಆದರೆ ಆಪಲ್ ೨ರ ಆರಂಭದ ಬೆಲೆ ೧,೨೯೮ ಡಾಲರ್. ಮೂರರಲ್ಲಿ ಅಗ್ಗದ್ದೆನಿಸಿದ ಟಿ.ಆರ್.ಎಸ್. ೮೦ರ ಬೆಲೆಯೂ ತೆರೆಸಹಿತ ೬೦೦ ಡಾಲರ್ ಸಮೀಪದ್ದು. ಇವು ಮನೆಯ ಬಾಗಿಲನ್ನು ತಟ್ಟಿದವೆನ್ನಬಹುದೇ ಹೊರತು ಎಲ್ಲ ಮನೆಗಳ ಒಳಗೆ ಹೊಕ್ಕವೆನ್ನುವಂತಿಲ್ಲ. ಆ ಕೆಲಸ ಪರಿಪೂರ್ಣವಾಗಿ ನಡೆದುದು ಬ್ರಿಟನ್ನಿನಲ್ಲಿ. ಅದರಲ್ಲೂ ಕೇಂಬ್ರಿಜ್ ಎಂಬ ಒಂದೇ ನಗರದಲ್ಲಿ, ಪರಸ್ಪರ ವಿರುದ್ಧವಾದ ಎರಡು ತತ್ತ್ವಗಳನ್ನು ಹಿಡಿದ ಎರಡು ಸಂಸ್ಥೆಗಳಿಂದ. ಒಂದು ಕ್ಲೈವ್ ಸಿಂಕ್ಲೇರ್ ಅವರದು. ಇನ್ನೊಂದು, ಹಿಂದೆ ಅವರ ಬಳಿಯೇ ದುಡಿದ ಕ್ರಿಸ್ ಕರಿ ಎಂಬವರು ಹರ್ಮನ್ ಹೌಸರ್ ಅವರೊಡನೆ ೧೯೭೮ರಲ್ಲಿ ಸ್ಥಾಪಿಸಿದ ಏಕಾರ್ನ್. ಈ ಎರಡರ ಯಂತ್ರಗಳನ್ನು ಇದಿರುಬದಿರಾಗಿ ಇಟ್ಟು ನೋಡಿದರೆ ಗೃಹಗಣಕದ ಇತಿಹಾಸದ ಮುಖ್ಯ ಸಮಸ್ಯೆಯೇ ಕಣ್ಣಿಗೆ ಕಟ್ಟುತ್ತದೆ.

೨

ಸಿಂಕ್ಲೇರ್ ಅವರ ತತ್ತ್ವವನ್ನು ವ್ಯವಕಲನದ ತತ್ತ್ವವೆಂದು ಕರೆಯಬಹುದು. ಮೊದಲು ಬೆಲೆಯನ್ನು ನಿಶ್ಚಯಿಸುವುದು, ಆ ಬೆಲೆಗೆ ಯಂತ್ರವು ಇಳಿಯುವ ತನಕ ಒಂದೊಂದಾಗಿ ಕಳೆಯುತ್ತ ಹೋಗುವುದು. ೧೯೮೦ರ ಜನವರಿಯಲ್ಲಿ ಪ್ರಕಟವಾದ ಝಡ್.ಎಕ್ಸ್. ೮೦ ಯಂತ್ರದ ಬೆಲೆ ೯೯.೯೫ ಪೌಂಡು, ಬಿಡಿಭಾಗಗಳನ್ನು ಕೊಂಡು ತಾನೇ ಜೋಡಿಸಿಕೊಳ್ಳುವವನಿಗೆ ೭೯.೯೫ ಪೌಂಡು. ನೂರು ಪೌಂಡಿನ ಗೆರೆಯನ್ನು ದಾಟಬಾರದೆಂಬುದೇ ಅದರ ಮೊದಲ ಸೂತ್ರ. ಅದರಲ್ಲಿ ತೆರೆಯಿಲ್ಲ, ಮನೆಯ ಟೆಲಿವಿಷನ್ನೇ ತೆರೆ. ಸಂಗ್ರಹಕ್ಕೆ ಬೇರೆ ಸಾಧನವಿಲ್ಲ. ಹಾಡು ಕೇಳುವ ಕ್ಯಾಸೆಟ್ ಯಂತ್ರವೇ ಸಂಗ್ರಹ. ಕೀಲಿಮಣೆಯಲ್ಲಿ ಚಲಿಸುವ ಕೀಲಿಗಳಿಲ್ಲ; ಒತ್ತಿದರೆ ಸಂಪರ್ಕವಾಗುವ ಪ್ಲಾಸ್ಟಿಕ್ ಹಾಳೆ ಮಾತ್ರ.

ಒಂದು ಅಕ್ಷರವನ್ನು ಹಿಡಿಯುವ ಸ್ಮೃತಿಸ್ಥಾನಕ್ಕೆ ಬೈಟ್ ಎಂದೂ, ಅಂಥ ೧,೦೨೪ ಸ್ಥಾನಗಳಿಗೆ ಕಿಲೋಬೈಟ್ ಎಂದೂ ಹೆಸರು. ಝಡ್.ಎಕ್ಸ್. ೮೦ರಲ್ಲಿ ಬಳಕೆದಾರನಿಗೆ ದೊರಕುತ್ತಿದ್ದುದು ಒಂದೇ ಕಿಲೋಬೈಟ್. ೩೨ ಅಕ್ಷರಗಳ ೨೪ ಸಾಲುಗಳಿಂದ ತೆರೆಯನ್ನು ತುಂಬಿದರೆ ಅದಕ್ಕೇ ೭೬೮ ಸ್ಥಾನಗಳು ಬೇಕು; ಅಂದರೆ ಇದ್ದ ಆಸ್ತಿಯ ಮುಕ್ಕಾಲು ಪಾಲು ತೋರಿಕೆಗೇ ವೆಚ್ಚವಾದಂತೆ. ಇದಕ್ಕೆ ಅಲ್ಲಿ ಕಂಡುಕೊಂಡ ಪರಿಹಾರ ಸರಳವಾದದ್ದು: ಖಾಲಿ ಸಾಲಿಗೆ ಸಾಲು ಮುಗಿಯಿತೆಂಬ ಒಂದು ಗುರುತು ಸಾಕು, ೩೨ ಖಾಲಿ ಅಕ್ಷರಗಳು ಬೇಡ. ಅಂತೆಯೇ ಬೇಸಿಕ್ ಭಾಷೆಯ ಆಜ್ಞಾಪದಗಳನ್ನು ಅಕ್ಷರ ಅಕ್ಷರವಾಗಿ ಬರೆಯುವ ಕ್ರಮವನ್ನೂ ಕೈಬಿಡಲಾಯಿತು. ಒಂದು ಕೀಲಿಯನ್ನೊತ್ತಿದರೆ 'ಪ್ರಿಂಟ್' ಎಂಬ ಇಡೀ ಪದ ಮೂಡುತ್ತಿತ್ತು. ಸ್ಮೃತಿಯಲ್ಲಿ ಅದು ಹಿಡಿಯುತ್ತಿದ್ದುದು ಒಂದೇ ಬೈಟ್. ಹಾಳೆಯಂಥ ಕೀಲಿಮಣೆಯ ಮೇಲೆ ಬೆರಳಚ್ಚು ಮಾಡುವ ಕಷ್ಟವೂ ಇದರಿಂದ ತಗ್ಗಿತು. ಪದಗಳನ್ನು ತಪ್ಪಾಗಿ ಬರೆಯುವ ಸಂಭವವೂ ಇಲ್ಲವಾಯಿತು. ಒಂದು ಕೊರತೆಯು ಇನ್ನೊಂದು ಕೊರತೆಗೆ ಊರುಗೋಲಾದ ಬಗೆ ಇದು.

ಎಲ್ಲಕ್ಕಿಂತ ದಿಟ್ಟವಾದ ಉಳಿತಾಯ ಚಿತ್ರಣದ ವಿಷಯದಲ್ಲಿ ನಡೆಯಿತು. ಬ್ರಿಟನ್ನಿನ ಟೆಲಿವಿಷನ್ ಚಿತ್ರವನ್ನು ಸೆಕೆಂಡಿಗೆ ೫೦ ಸಲ ಹೊಸದಾಗಿ ಎಳೆಯಬೇಕು. ಬೇರೆ ಯಂತ್ರಗಳಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ಮಂಡಲಗಳಿದ್ದವು. ಝಡ್.ಎಕ್ಸ್. ೮೦ರಲ್ಲಿ ಲೆಕ್ಕ ಮಾಡುವ ಮೈಕ್ರೊಪ್ರೊಸೆಸರೇ ಚಿತ್ರವನ್ನೂ ಎಳೆಯಬೇಕಾಗಿತ್ತು. ಪರಿಣಾಮವಾಗಿ ಲೆಕ್ಕಕ್ಕೆ ತೊಡಗಿದೊಡನೆ ಚಿತ್ರ ಮಾಯವಾಗುತ್ತಿತ್ತು. ಒಂದು ಕೀಲಿಯನ್ನೊತ್ತಿದರೂ ತೆರೆ ಒಮ್ಮೆ ಮಿಟುಕುತ್ತಿತ್ತು. ಒಬ್ಬನೇ ನೌಕರನು ಲೆಕ್ಕವನ್ನೂ ಬರೆದು ಗಿರಾಕಿಗೆ ಉತ್ತರವನ್ನೂ ಹೇಳಬೇಕಾದ ಅಂಗಡಿಯ ಸ್ಥಿತಿಯಂಥದು ಇದು.

೧೯೮೧ರ ಮಾರ್ಚಿಯಲ್ಲಿ ಬಂದ ಝಡ್.ಎಕ್ಸ್. ೮೧ ಇದೇ ಮಾರ್ಗದಲ್ಲಿ ಇನ್ನೂ ಮುಂದೆ ನಡೆಯಿತು. ಜೋಡಿಸಿದ ಯಂತ್ರಕ್ಕೆ ೬೯.೯೫ ಪೌಂಡು, ಬಿಡಿಭಾಗಗಳಿಗೆ ೪೯.೯೫ ಪೌಂಡು. ಹಿಂದಿನ ಯಂತ್ರದ ಇಪ್ಪತ್ತರಷ್ಟು ಚಿಪ್‌ಗಳ ಸ್ಥಾನದಲ್ಲಿ ಇದರಲ್ಲಿ ಮುಖ್ಯವಾಗಿ ಇದ್ದವು ನಾಲ್ಕೇ. ಇದನ್ನು ಸಾಧ್ಯವಾಗಿಸಿದುದು ಫೆರಾಂಟಿ ಸಂಸ್ಥೆ ತಯಾರಿಸಿದ ಒಂದು ವಿಶೇಷ ಚಿಪ್. ಅದರ ಮೇಲೆ ತರ್ಕದ್ವಾರಗಳು ಮೊದಲೇ ಸಿದ್ಧವಾಗಿರುತ್ತಿದ್ದವು. ಅವುಗಳ ನಡುವಣ ಸಂಬಂಧಗಳನ್ನು ಮಾತ್ರ ಕೊನೆಯ ಪದರದಲ್ಲಿ ಗಿರಾಕಿಯ ಅಗತ್ಯಕ್ಕೆ ತಕ್ಕಂತೆ ಅಚ್ಚೊತ್ತಲಾಗುತ್ತಿತ್ತು. ಕೋಷ್ಟಕದ ಗೆರೆಗಳನ್ನು ಸಗಟಾಗಿ ಮುದ್ರಿಸಿಟ್ಟುಕೊಂಡು, ತಲೆಬರಹಗಳನ್ನು ಮಾತ್ರ ಆಯಾ ವರ್ತಕನಿಗೆ ತಕ್ಕಂತೆ ಅಚ್ಚು ಹಾಕಿಕೊಡುವ ಲೆಕ್ಕದ ಪುಸ್ತಕಕ್ಕೆ ಇದನ್ನು ಹೋಲಿಸಬಹುದು. ಈ ಯಂತ್ರದಲ್ಲಿ ಲೆಕ್ಕ ನಡೆಯುತ್ತಿರುವಾಗಲೂ ಚಿತ್ರ ನಿಲ್ಲುತ್ತಿತ್ತು. ಆದರೆ ಚಿತ್ರದ ಮೇಲುಗಡೆಯ ಮತ್ತು ಕೆಳಗಡೆಯ ಖಾಲಿ ಅಂಚುಗಳನ್ನು ಎಳೆಯುವ ಬಿಡುವಿನಲ್ಲಿ ಮಾತ್ರ ಲೆಕ್ಕ ನಡೆಯಬೇಕಾದುದರಿಂದ ವೇಗ ಸುಮಾರು ಕಾಲುಭಾಗಕ್ಕೆ ಇಳಿಯುತ್ತಿತ್ತು. ಹಿಂದಿನ ಯಂತ್ರಕ್ಕೆ ಪೂರ್ಣಾಂಕಗಳು ಮಾತ್ರ ಗೊತ್ತಿದ್ದವು. ಇದಕ್ಕೆ ದಶಮಾಂಶಗಳೂ ತಿಳಿದವು. ಮೊದಲ ಕಂತಿನ ಕೆಲವು ಯಂತ್ರಗಳಲ್ಲಿ ೦.೨೫ರ ವರ್ಗಮೂಲ ಕೇಳಿದರೆ ೦.೫ ಎನ್ನುವ ಬದಲು ೧.೩೫೯೧೪೦೯ ಎಂಬ ಉತ್ತರ ಬರುತ್ತಿದ್ದುದೂ ಉಂಟು. ಆದರೂ ಈ ಯಂತ್ರ ಹದಿನೈದು ಲಕ್ಷದಷ್ಟು ಮಾರಾಟವಾಯಿತು. ಪುಸ್ತಕ ಮತ್ತು ಲೇಖನಸಾಮಗ್ರಿ ಮಾರುವ ಡಬ್ಲ್ಯು. ಎಚ್. ಸ್ಮಿತ್ ಅಂಗಡಿಗಳಲ್ಲಿ ಗಣಕಯಂತ್ರವು ಜನರ ಕೈಗೆ ಸಿಗುವ ಸರಕಾಯಿತು.

೩

೧೯೮೨ರ ಏಪ್ರಿಲ್ ೨೩ರಂದು ಪ್ರಕಟವಾದ ಸ್ಪೆಕ್ಟ್ರಮ್ ಯಂತ್ರದಲ್ಲಿ ಇದೇ ತತ್ತ್ವ ತನ್ನ ಪ್ರೌಢಾವಸ್ಥೆಯನ್ನು ಮುಟ್ಟಿತು. ೧೬ ಕಿಲೋಬೈಟ್ ಸ್ಮೃತಿಯದಕ್ಕೆ ೧೨೫ ಪೌಂಡು, ೪೮ ಕಿಲೋಬೈಟಿನದಕ್ಕೆ ೧೭೫ ಪೌಂಡು. ಇದರ ಯಂತ್ರಭಾಗವನ್ನು ರೂಪಿಸಿದವರು ರಿಚರ್ಡ್ ಆಲ್ಟ್‌ವಾಸರ್. ಬೇಸಿಕ್ ಭಾಷೆಯನ್ನು ಅಳವಡಿಸಿದವರು ಸ್ಟೀವ್ ವಿಕರ್ಸ್. ಹೊರಕವಚದ ವಿನ್ಯಾಸ ರಿಕ್ ಡಿಕಿನ್ಸನ್ ಅವರದು.

ಸ್ಪೆಕ್ಟ್ರಮ್‌ನ ತೆರೆಯಲ್ಲಿ ಅಡ್ಡಕ್ಕೆ ೨೫೬, ಉದ್ದಕ್ಕೆ ೧೯೨, ಒಟ್ಟು ೪೯,೧೫೨ ಬಿಂದುಗಳು. ಪ್ರತಿಯೊಂದು ಬಿಂದುವಿಗೂ ಸ್ವತಂತ್ರವಾದ ಬಣ್ಣ ಕೊಡಬೇಕೆಂದರೆ ೨೪ ಕಿಲೋಬೈಟ್ ಬೇಕು. ಅದು ಚಿಕ್ಕ ಸ್ಪೆಕ್ಟ್ರಮ್‌ನ ಸಮಸ್ತ ಸ್ಮೃತಿಗಿಂತಲೂ ಹೆಚ್ಚು. ಆದುದರಿಂದ ರಚನಕಾರರು ಬಿಂದುವನ್ನೂ ಬಣ್ಣವನ್ನೂ ಬೇರ್ಪಡಿಸಿದರು. ಬಿಂದು ಇದೆಯೋ ಇಲ್ಲವೋ ಎಂಬ ವಿವರಕ್ಕೆ ೬,೧೪೪ ಬೈಟ್. ಎಂಟು ಬಿಂದು ಅಗಲ, ಎಂಟು ಬಿಂದು ಎತ್ತರದ ಒಂದೊಂದು ಚೌಕಕ್ಕೆ ಮುನ್ನೆಲೆಯದೊಂದು, ಹಿನ್ನೆಲೆಯದೊಂದು, ಹೀಗೆ ಎರಡೇ ಬಣ್ಣಗಳೆಂದು ನಿಯಮಿಸಿ, ೭೬೮ ಚೌಕಗಳಿಗೆ ೭೬೮ ಬೈಟ್. ಒಟ್ಟು ೬,೯೧೨. ಇಪ್ಪತ್ತನಾಲ್ಕು ಕಿಲೋಬೈಟಿನ ಕೆಲಸ ಏಳಕ್ಕಿಂತ ಕಡಿಮೆಯಲ್ಲಿ ಮುಗಿಯಿತು. ಈ ಉಳಿತಾಯಕ್ಕೆ ತೆತ್ತ ಬೆಲೆಯೂ ಕಣ್ಣಿಗೆ ಕಾಣುವಂಥದೇ. ಕೆಂಪು ಬೊಂಬೆಯೊಂದು ಹಸಿರು ಮರದ ಮುಂದೆ ಹಾದುಹೋದರೆ ಆ ಚೌಕದಲ್ಲಿನ ಮರವೂ ಕೆಂಪಾಗುತ್ತಿತ್ತು. ಸ್ಪೆಕ್ಟ್ರಮ್‌ಗೆ ಆಟಗಳನ್ನು ಬರೆದವರು ಈ ದೋಷದೊಡನೆ ಹೊಂದಿಕೊಂಡೇ ತಮ್ಮ ಚಿತ್ರಗಳನ್ನು ರೂಪಿಸಬೇಕಾಯಿತು.

ದೊಡ್ಡ ಸ್ಪೆಕ್ಟ್ರಮ್‌ನ ಸ್ಮೃತಿಯಲ್ಲಿ ಇನ್ನೊಂದು ಮಿತವ್ಯಯವಿತ್ತು. ತಯಾರಿಕೆಯಲ್ಲಿ ಅರ್ಧಭಾಗ ಕೆಟ್ಟುಹೋದ ಚಿಪ್‌ಗಳನ್ನು ಸ್ಮೃತಿ ತಯಾರಕರು ಕಡಿಮೆ ಬೆಲೆಗೆ ಮಾರುತ್ತಿದ್ದರು. ಕೆಡದೆ ಉಳಿದ ಅರ್ಧವನ್ನು ಮಾತ್ರ ಬಳಸುವಂತೆ ಜೋಡಿಸಿ ಹೆಚ್ಚುವರಿ ೩೨ ಕಿಲೋಬೈಟನ್ನು ಒದಗಿಸಲಾಯಿತು. ಹೀಗೆ ಹುಟ್ಟಿದ ಸ್ಪೆಕ್ಟ್ರಮ್ ಸಂತತಿಯ ಯಂತ್ರಗಳು ಐವತ್ತು ಲಕ್ಷದಷ್ಟು ಮಾರಾಟವಾದವು.

೪

ಏಕಾರ್ನ್ ಸಂಸ್ಥೆಯ ದಾರಿ ಇದಕ್ಕೆ ವಿಲೋಮವಾದುದು. ಅದನ್ನು ಸಂಕಲನದ ತತ್ತ್ವವೆನ್ನಬಹುದು. ಅದರ ಹಿನ್ನೆಲೆಯಲ್ಲಿ ಒಂದು ಸಾರ್ವಜನಿಕ ಆತಂಕವಿತ್ತು. ಮೈಕ್ರೊಪ್ರೊಸೆಸರಿನಿಂದ ಉದ್ಯೋಗಗಳಿಗೆ ಒದಗಬಹುದಾದ ಗತಿಯನ್ನು ಕುರಿತು ೧೯೭೮ರಲ್ಲಿ ಬಿ.ಬಿ.ಸಿ. ಪ್ರಸಾರ ಮಾಡಿದ ಸಾಕ್ಷ್ಯಚಿತ್ರವೊಂದು ದೇಶದಲ್ಲಿ ಚರ್ಚೆಯನ್ನೆಬ್ಬಿಸಿತು. ಜನಸಾಮಾನ್ಯರಿಗೆ ಗಣಕಸಾಕ್ಷರತೆಯನ್ನು ಕಲಿಸುವ ಯೋಜನೆಯನ್ನು ಬಿ.ಬಿ.ಸಿ. ಕೈಗೊಂಡಿತು. ಟೆಲಿವಿಷನ್ ಪಾಠಗಳ ಜೊತೆಗೆ ನೋಡುಗನು ಮನೆಯಲ್ಲಿಯೇ ಅಭ್ಯಾಸ ಮಾಡಲು ಒಂದು ಯಂತ್ರವೂ ಬೇಕೆಂದು ತೋರಿತು. ಆ ಯಂತ್ರವನ್ನು ಒದಗಿಸುವ ಅವಕಾಶಕ್ಕಾಗಿ ಸಿಂಕ್ಲೇರರೂ ಯತ್ನಿಸಿದರು. ಅದು ದೊರಕಿದುದು ಏಕಾರ್ನಿಗೆ. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮುಂತಾದವರು ಒಂದೇ ವಾರದಲ್ಲಿ ಮಾದರಿಯನ್ನು ಕಟ್ಟಿ ಬಿ.ಬಿ.ಸಿ.ಯವರ ಮುಂದಿಟ್ಟ ಸಂಗತಿ ಪ್ರಸಿದ್ಧವಾಗಿದೆ. ೧೯೮೧ರ ಡಿಸೆಂಬರಿನಲ್ಲಿ ಬಿ.ಬಿ.ಸಿ. ಮೈಕ್ರೊ ಪ್ರಕಟವಾಯಿತು. ೩೨ ಕಿಲೋಬೈಟಿನ 'ಬಿ' ಮಾದರಿಯ ಆರಂಭದ ಬೆಲೆ ೩೩೫ ಪೌಂಡು. ಬೇಗನೆ ಅದು ೩೯೯ಕ್ಕೆ ಏರಿತು. ಝಡ್.ಎಕ್ಸ್. ೮೧ರ ಬೆಲೆಯ ಐದು ಪಟ್ಟಿಗೂ ಮಿಗಿಲು ಇದು.

ಆ ಹಣಕ್ಕೆ ದೊರಕುತ್ತಿದ್ದುದೇನೆಂಬುದನ್ನು ನೋಡಬೇಕು. ಟೈಪ್‌ರೈಟರಿನಂಥ ಗಟ್ಟಿಯಾದ ಕೀಲಿಮಣೆ. ಮುದ್ರಣಯಂತ್ರ, ಡಿಸ್ಕ್, ಅಳತೆಯ ಉಪಕರಣಗಳು, ಇತರ ಗಣಕಗಳು ಇವೆಲ್ಲಕ್ಕೂ ಜೋಡಣೆಯ ದ್ವಾರಗಳು. ಕಾರ್ಯವಿಧಾನಗಳಿಗೆ ಹೆಸರಿಟ್ಟು ಕ್ರಮಬದ್ಧವಾಗಿ ಬರೆಯಲು ಅನುಕೂಲಿಸುವ ಬೇಸಿಕ್ ಭಾಷೆ. ಚಿತ್ರ ಮತ್ತು ಲೆಕ್ಕಗಳ ಜಗಳಕ್ಕೆ ಇಲ್ಲಿ ಕಂಡ ಪರಿಹಾರವೂ ಬೇರೆ ಬಗೆಯದು. ಸೆಕೆಂಡಿಗೆ ೪೦ ಲಕ್ಷ ಸಲ ಓದಬಲ್ಲ ವೇಗದ ಸ್ಮೃತಿಯನ್ನು ಇಟ್ಟು, ಒಂದು ಸಲ ಪ್ರೊಸೆಸರಿಗೆ, ಮರುಸಲ ಚಿತ್ರಮಂಡಲಕ್ಕೆ ಎಂದು ಸರದಿ ಹಂಚಲಾಯಿತು. ಯಾರಿಗೂ ಯಾರಿಂದಲೂ ತಡೆಯಾಗಲಿಲ್ಲ. ಸಿಂಕ್ಲೇರರ ಯಂತ್ರದಲ್ಲಿ ಒಬ್ಬ ನೌಕರನು ಎರಡು ಕೆಲಸ ಮಾಡುತ್ತಿದ್ದರೆ, ಇಲ್ಲಿ ಇಬ್ಬರು ನೌಕರರು ಒಂದೇ ಮೇಜನ್ನು ಸರದಿಯಂತೆ ಬಳಸುತ್ತಿದ್ದರು. ವೇಗದ ಸ್ಮೃತಿ ದುಬಾರಿ ಎಂಬುದೇ ಇದರ ಏಕೈಕ ದೋಷ.

ಮೊದಲಿಗೆ ಬಿ.ಬಿ.ಸಿ.ಯವರು ನಿರೀಕ್ಷಿಸಿದ್ದ ಮಾರಾಟ ೧೨,೦೦೦ ಯಂತ್ರಗಳು. ಕೊನೆಗೆ ಮಾರಾಟವಾದುದು ಸುಮಾರು ಹದಿನೈದು ಲಕ್ಷ. ಇದಕ್ಕೆ ರಾಜ್ಯದ ನೆರವೂ ಒಂದು ಕಾರಣ. ೧೯೮೧ರಲ್ಲಿ ಬ್ರಿಟಿಷ್ ಸರಕಾರವು ಪ್ರೌಢಶಾಲೆಗಳು ಕೊಳ್ಳುವ ಗಣಕಯಂತ್ರದ ಅರ್ಧ ಬೆಲೆಯನ್ನು ತಾನು ಭರಿಸುವುದಾಗಿ ಘೋಷಿಸಿದಾಗ ಅದರ ಪಟ್ಟಿಯಲ್ಲಿ ಬಿ.ಬಿ.ಸಿ. ಮೈಕ್ರೊ ಇತ್ತು, ಸಿಂಕ್ಲೇರರ ಯಂತ್ರವಿರಲಿಲ್ಲ. ಮರುವರ್ಷ ಪ್ರಾಥಮಿಕ ಶಾಲೆಗಳ ಪಟ್ಟಿಗೆ ಸ್ಪೆಕ್ಟ್ರಮ್ ಕೂಡ ಸೇರಿತು. ಒಟ್ಟಿನಲ್ಲಿ ಶಾಲೆಯಲ್ಲಿ ಏಕಾರ್ನ್, ಮನೆಯಲ್ಲಿ ಸಿಂಕ್ಲೇರ್ ಎಂಬಂತೆ ದೇಶವು ಎರಡನ್ನೂ ಹಂಚಿಕೊಂಡಿತು.

೫

ಇವೆರಡರಲ್ಲಿ ಯಾವುದು ಸರಿ? ಅಗ್ಗದ ಯಂತ್ರವು ಬಡವನ ಮಗುವನ್ನು ಮುಟ್ಟಿತು, ಆದರೆ ಕೊರತೆಗಳನ್ನೂ ಕೊಟ್ಟಿತು. ಪರಿಪೂರ್ಣವಾದ ಯಂತ್ರವು ಒಳ್ಳೆಯ ಅಭ್ಯಾಸಗಳನ್ನು ಕಲಿಸಿತು, ಆದರೆ ಸಾರ್ವಜನಿಕ ಹಣದ ಆಸರೆ ಅದಕ್ಕೆ ಬೇಕಾಯಿತು. ವ್ಯಾಪಾರದ ತೀರ್ಪು ಇಬ್ಬರಿಗೂ ಅನುಕೂಲವಾಗಲಿಲ್ಲ. ೧೯೮೫ರಲ್ಲಿ ಏಕಾರ್ನಿನ ಹಿಡಿತ ಇಟಲಿಯ ಒಲಿವೆಟ್ಟಿಗೆ ಹೋಯಿತು. ೧೯೮೬ರ ಏಪ್ರಿಲಿನಲ್ಲಿ ಸಿಂಕ್ಲೇರರ ಗಣಕಗಳ ಹಕ್ಕುಗಳು ಐವತ್ತು ಲಕ್ಷ ಪೌಂಡುಗಳಿಗೆ ಆಮ್‌ಸ್ಟ್ರಾಡ್ ಸಂಸ್ಥೆಯ ಪಾಲಾದವು.

ವಿಚಾರದ ತೀರ್ಪು ಬೇರೆ. ಇದೇ ಏಕಾರ್ನಿನಲ್ಲಿ ವಿಲ್ಸನ್ ಮತ್ತು ಫರ್ಬರ್ ಅವರು ಹೊಸದೊಂದು ಪ್ರೊಸೆಸರನ್ನು ರೂಪಿಸಿದಾಗ ಅವರು ಹಿಡಿದುದು ವ್ಯವಕಲನದ ಮಾರ್ಗವನ್ನೇ. ಆಜ್ಞೆಗಳು ಕೆಲವೇ ಇರಬೇಕು, ರಚನೆ ಸರಳವಾಗಿರಬೇಕು, ಅಗ್ಗದ ಪ್ಲಾಸ್ಟಿಕ್ ಕವಚದಲ್ಲಿ ಇಡಬಹುದಾದಷ್ಟು ಕಡಿಮೆ ಶಾಖ ಹುಟ್ಟಬೇಕು ಎಂಬವು ಅದರ ಲಕ್ಷಣಗಳು. ೧೯೮೫ರ ಏಪ್ರಿಲಿನಲ್ಲಿ ಸಿದ್ಧವಾಗಿ ಬಂದ ಆ ಚಿಪ್ ಮೊದಲು ಕೆಲಸ ಮಾಡಿದುದು ಬಿ.ಬಿ.ಸಿ. ಮೈಕ್ರೊದ ಒಂದು ದ್ವಾರಕ್ಕೆ ಜೋಡಿಸಿದ ಎರಡನೆಯ ಪ್ರೊಸೆಸರಾಗಿ. ಆರ್ಮ್ ಎಂಬ ಹೆಸರಿನ ಆ ಸಂತತಿಯೇ ಇಂದಿನ ಮೊಬೈಲ್ ಫೋನುಗಳಲ್ಲೆಲ್ಲ ಇರುವುದು. ಎಲ್ಲವನ್ನೂ ಜೋಡಿಸಲು ಬಾಗಿಲು ತೆರೆದಿಟ್ಟ ಯಂತ್ರದ ಒಂದು ಬಾಗಿಲಿನಿಂದ, ಬೇಡದುದನ್ನೆಲ್ಲ ಬಿಟ್ಟ ಚಿಪ್ ಹೊರಬಂದಿತು. ಎರಡು ತತ್ತ್ವಗಳೂ ಒಂದನ್ನೊಂದು ಬೇಡುತ್ತವೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

೬

ಇಲ್ಲಿಯವರೆಗಿನ ಕಥೆ ಇಂಗ್ಲೆಂಡಿನದು. ಆದರೆ ಈ ಯಂತ್ರಗಳು ಇಂಗ್ಲೆಂಡಿನಲ್ಲೇ ಉಳಿಯಲಿಲ್ಲ. ೧೯೮೪-೮೫ರಲ್ಲಿ ಭಾರತ ಸರಕಾರವು 'ಕ್ಲಾಸ್' ಎಂಬ ಹೆಸರಿನಿಂದ ಶಾಲೆಗಳಲ್ಲಿ ಗಣಕಸಾಕ್ಷರತೆಯ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದಾಗ ಆರಿಸಿಕೊಂಡುದು ಬಿ.ಬಿ.ಸಿ. ಮೈಕ್ರೊವನ್ನೇ. ೧೯೮೦ರ ದಶಕದ ಉತ್ತರಾರ್ಧದಲ್ಲಿ ಸ್ಪೆಕ್ಟ್ರಮ್ ಕೂಡ ಪರವಾನಗಿಯ ಮೇಲೆ ಭಾರತದ ಮಾರುಕಟ್ಟೆಗೆ ಬಂದಿತು. ಆಗ ಕನ್ನಡಿಗನ ಮುಂದೆ ಎದ್ದು ನಿಲ್ಲಬೇಕಾಗಿದ್ದ ಪ್ರಶ್ನೆಯೊಂದಿತ್ತು: ಕಳೆಯುತ್ತ ಬಂದ ಈ ಲೆಕ್ಕದಲ್ಲಿ ಯಾರ ಅಕ್ಷರಗಳನ್ನು ಕಳೆಯಲಾಗಿದೆ?

ಝಡ್.ಎಕ್ಸ್. ೮೧ರಲ್ಲಿ ಇಂಗ್ಲಿಷಿನ ಚಿಕ್ಕ ಅಕ್ಷರಗಳಿಗೂ ಸ್ಥಳವಿರಲಿಲ್ಲ. ದೊಡ್ಡ ಅಕ್ಷರಗಳು ಮಾತ್ರ. ಆದರೆ ಚಿಕ್ಕ ಅಕ್ಷರವಿಲ್ಲದೆ ಇಂಗ್ಲಿಷ್ ನಡೆಯುತ್ತದೆ. ಕನ್ನಡಕ್ಕೆ ಅಂಥ ಸೌಕರ್ಯವಿಲ್ಲ. ಸ್ಪೆಕ್ಟ್ರಮ್‌ನಲ್ಲಿ ಬಳಕೆದಾರನು ಸ್ವತಃ ರೂಪಿಸಿಕೊಳ್ಳಲೆಂದು ಮೀಸಲಿಟ್ಟ ಚಿಹ್ನೆಗಳು ೨೧. ಕನ್ನಡ ವರ್ಣಮಾಲೆಯೇ ೪೯. ಕಾಗುಣಿತದ ರೂಪಗಳನ್ನು ಎಣಿಸಿದರೆ ನಾನೂರನ್ನು ಮೀರುತ್ತವೆ. ಒತ್ತಕ್ಷರಗಳ ಮಾತು ಅತ್ತ ಇರಲಿ. ಎಂಟು ಬಿಂದು ಎತ್ತರದ ಚೌಕದಲ್ಲಿ ಲ್ಯಾಟಿನ್ ಅಕ್ಷರ ನೆಮ್ಮದಿಯಾಗಿ ಕುಳಿತುಕೊಳ್ಳುತ್ತದೆ. 'ಜ್ಯೋತ್ಸ್ನಾ' ಎಂಬ ಪದದ ಎರಡನೆಯ ಅಕ್ಷರವನ್ನು, ಒಂದರ ಕೆಳಗೊಂದು ಬರುವ ಅದರ ಒತ್ತುಗಳೊಡನೆ, ಅದೇ ಎಂಟು ಬಿಂದುಗಳಲ್ಲಿ ಓದಲು ಬರುವಂತೆ ಬರೆಯುವುದು ಅಸಾಧ್ಯ.

ಉದಾರವಾದ ಬಿ.ಬಿ.ಸಿ. ಮೈಕ್ರೊದಲ್ಲೂ ಈ ತಾರತಮ್ಯವನ್ನು ಅಂಕೆಗಳಲ್ಲೇ ತೋರಿಸಬಹುದು. ಅದರ ಏಳನೆಯ ತೆರೆಕ್ರಮದಲ್ಲಿ ೪೦ ಅಕ್ಷರಗಳ ೨೫ ಸಾಲುಗಳಿಗೆ ವೆಚ್ಚವಾಗುವುದು ಒಂದೇ ಕಿಲೋಬೈಟ್. ಅಕ್ಷರಗಳ ಆಕಾರವು ಪ್ರತ್ಯೇಕವಾದ ಚಿಪ್ ಒಂದರಲ್ಲಿ ಶಾಶ್ವತವಾಗಿ ಅಚ್ಚಾಗಿರುವುದರಿಂದಲೇ ಇಷ್ಟು ಅಗ್ಗ. ಅದೇ ಕಾರಣದಿಂದ ಅಲ್ಲಿ ಬೇರೆ ಲಿಪಿಗೆ ಪ್ರವೇಶವಿಲ್ಲ. ಕನ್ನಡವನ್ನು ಮೂಡಿಸಬೇಕಾದರೆ ಬಿಂದುಗಳಿಂದ ಚಿತ್ರ ಬಿಡಿಸುವ ತೆರೆಕ್ರಮಕ್ಕೆ ಹೋಗಬೇಕು. ಅಷ್ಟೇ ಅಗಲದ ನಾಲ್ಕನೆಯ ಕ್ರಮದಲ್ಲಿ ಅದಕ್ಕೆ ಬೇಕಾಗುವುದು ೧೦ ಕಿಲೋಬೈಟ್. ಇಂಗ್ಲಿಷಿನಲ್ಲಿ ಬರೆಯುವವನು ಒಂದು ಪಾಲು ತೆರುವಲ್ಲಿ ಕನ್ನಡದಲ್ಲಿ ಬರೆಯುವವನು ಹತ್ತು ಪಾಲು ತೆರಬೇಕು. ಅದೂ ೩೨ ಕಿಲೋಬೈಟಿನ ಆಸ್ತಿಯಿಂದ. ಇದರಲ್ಲಿ ಯಾರ ದ್ವೇಷವೂ ಇರಲಿಲ್ಲ. ಟೆಲಿವಿಷನ್ನಿನ ಅಕ್ಷರಸೇವೆಗಾಗಿ ತಯಾರಾದ ಚಿಪ್ ಅಗ್ಗವಾಗಿ ಸಿಕ್ಕಿತು, ಬಳಸಿದರು. ಆದರೆ ಸುಂಕವನ್ನು ವಿಧಿಸುವವನಲ್ಲಿ ದ್ವೇಷವಿಲ್ಲದ ಮಾತ್ರಕ್ಕೆ ಸುಂಕ ತೆರುವವನ ಹೊರೆ ತಗ್ಗುವುದಿಲ್ಲ.

ಈ ಹೊರೆಯನ್ನು ಇಳಿಸಿದುದು ಅಗ್ಗದ ಸ್ಮೃತಿಯೊಂದೇ ಅಲ್ಲ, ವಿಚಾರದಲ್ಲಾದ ಒಂದು ಪರಿವರ್ತನೆಯೂ ಹೌದು. ಗೃಹಗಣಕದಲ್ಲಿ ಸ್ಮೃತಿಯಲ್ಲಿರುವ ಸಂಕೇತ ಮತ್ತು ತೆರೆಯ ಮೇಲಿನ ಆಕೃತಿ ಇವೆರಡಕ್ಕೂ ಒಂದಕ್ಕೊಂದು ಎಂಬ ಸಂಬಂಧವಿತ್ತು. ಭಾರತೀಯ ಲಿಪಿಗಳಿಗೆ ಆ ಸಂಬಂಧವನ್ನು ಬಿಡಿಸಬೇಕು ಎಂಬುದನ್ನು ಇಲ್ಲಿನ ವಿದ್ವಾಂಸರು ಮತ್ತು ತಂತ್ರಜ್ಞರು ಕಂಡುಕೊಂಡರು. ಕಾನಪುರದ ಐ.ಐ.ಟಿ.ಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರವು ಧ್ವನಿಗೆ ಅನುಗುಣವಾಗಿ ಸಂಕೇತವನ್ನು ಇಟ್ಟು, ಆಕೃತಿಯನ್ನು ಕಟ್ಟುವ ಕೆಲಸವನ್ನು ಬೇರೆಯಾಗಿ ಮಾಡಿತು. ೧೯೯೧ರಲ್ಲಿ ಇಸ್ಕಿ ಸಂಕೇತಕ್ಕೆ ಭಾರತೀಯ ಮಾನಕದ ಸ್ಥಾನ ದೊರಕಿತು. ಅದೇ ವರ್ಷ ಯೂನಿಕೋಡಿನ ಪ್ರಥಮ ಆವೃತ್ತಿಯಲ್ಲಿ ಕನ್ನಡವೂ ಸೇರಿತು. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವೂ ಇದೇ ಧ್ವನಿತತ್ತ್ವವನ್ನು ಅನುಸರಿಸಿದುದು. ವ್ಯಂಜನ, ಸ್ವರ, ಸಂಯೋಗ ಎಂಬ ವಿಭಾಗ ನಮ್ಮ ವೈಯಾಕರಣರಿಗೆ ಶತಮಾನಗಳಿಂದ ತಿಳಿದುದೇ. ಯಂತ್ರಕ್ಕೆ ಅದು ತಡವಾಗಿ ತಿಳಿಯಿತು.

ಗೃಹಗಣಕಗಳ ಇತಿಹಾಸವನ್ನು ಓದುವುದರಿಂದ ಆಗುವ ಮುಖ್ಯ ಪ್ರಯೋಜನ ಇಲ್ಲಿದೆ. ಆ ಯಂತ್ರಗಳು ಚಿಕ್ಕವಾಗಿದ್ದುದರಿಂದ ಅವುಗಳಲ್ಲಿ ಪ್ರತಿಯೊಂದು ನಿರ್ಧಾರವೂ ಬಯಲಿಗೆ ಕಾಣುತ್ತದೆ. ಎಂಟು ಬಿಂದುಗಳ ಚೌಕ ಪ್ರಕೃತಿನಿಯಮವಲ್ಲ, ಮೇಜಿನ ಸುತ್ತ ಕುಳಿತ ಕೆಲವರ ತೀರ್ಮಾನ ಎಂಬುದು ತಿಳಿಯುತ್ತದೆ. ಇಂದಿನ ಯಂತ್ರಗಳಲ್ಲಿ ಅಂಥ ತೀರ್ಮಾನಗಳು ಕಡಿಮೆಯಾಗಿಲ್ಲ, ಕಣ್ಣಿಗೆ ಕಾಣದಷ್ಟು ಆಳಕ್ಕೆ ಇಳಿದಿವೆ. ಏನನ್ನು ಇಡಬೇಕು, ಏನನ್ನು ಕಳೆಯಬೇಕು ಎಂಬ ಲೆಕ್ಕ ನಡೆಯುವಾಗ ಆ ಮೇಜಿನ ಬಳಿ ಕನ್ನಡ ಬಲ್ಲವರೂ ಕುಳಿತಿರಬೇಕು. ತೀರ್ಮಾನವಾದ ಮೇಲೆ ಸಲ್ಲಿಸುವ ಅರ್ಜಿಗೆ ಹತ್ತು ಪಟ್ಟು ಸುಂಕ ಬೀಳುತ್ತದೆಂಬುದನ್ನು ಆ ಪುಟ್ಟ ಯಂತ್ರಗಳೇ ಲೆಕ್ಕ ಮಾಡಿ ತೋರಿಸಿವೆ.